ಓದುಗರ ಪ್ರಶ್ನೆ: ಕ್ಯಾನೊಪಿ ತಿರುಚತೈತಿ, ಏನ್ ಮಾಡೂಣು?

ಗ್ಲಾಸ್ ಬಟ್ಟೆ (ಗಾಜಿನ ಎಳೆಯ ಬಟ್ಟೆ), ಫೋಮ್, ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟುದ್ರವ) ಸೇರಿಸಿ ಸ್ವಂತ ಕೈಯಿಂದ ಸಣ್ಣ ಕಾಂಪೊಸಿಟ್ ವಿಮಾನ ಕಟ್ಟುವವರ ಪತ್ರಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಎಲ್ಲ ಪತ್ರಗಳೂ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ ಬಗ್ಗೆ, ಅಂದರೆ ಕ್ಯಾನೊಪಿಯ ಬಗ್ಗೆ ಇವೆ.

ಪ್ರಶ್ನೆ: ನಾವು ನಾಲ್ಕು ಮಂದಿ ಗೆಳೆಯರು ಎರಡು ಸೀಟಿನ ಕಾಂಪೊಸಿಟ್ ವಿಮಾನ ಕಟ್ಟಾಕತ್ತೀವ್ರಿ. ಕ್ಯಾನೊಪಿ ಬಲಗಡೆ ಬಿಜಾಗರಿ ಮ್ಯಾಲೆ ತೆರೀತೈತಿ. ಮುಚ್ಚಿದಾಗ ಹಿಂದಿನ ಎಡಮೂಲಿ ಒತ್ತಿದ್ರ ಮುಂದಿನ ಎಡಮೂಲಿ ಆರೇಳು ಮಿ.ಮೀ. ಮ್ಯಾಲೇಳತೈತಿ. ಚೌಕಟ್ಟಿನ ಒಳಗ ಇನ್ನೂ ಮೂರು ಪದರ ಗ್ಲಾಸ್ ಬಟ್ಟಿ ಹಚ್ಚಿದ್ರ ಸಾಕಾಗತೈತೇನ್ರಿ?
— ತಾರಿಹಾಳ, ಹುಬ್ಬಳ್ಳಿ

ಉತ್ತರ: ಸಾಕಾಗುವುದಿಲ್ಲ. ತೂಕ ಏರುತ್ತದೆ, ತಿರುಚು ಪೂರ್ತಿ ಹೋಗುವುದಿಲ್ಲ. ಕಾರಣ ಚೌಕಟ್ಟಿನ ಆಕಾರದಲ್ಲಿದೆ.

ಧಾರವಾಡ ಪೇಡೆಯ ಖಾಲಿ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿದರೆ ಸಲೀಸಾಗಿ ತಿರುಚುತ್ತದೆ. ಈಗ ಮುಚ್ಚಳ ಹಾಕಿ ಸುತ್ತಲೂ ಟೇಪ್ ಬಿಗಿದು ತಿರುಚಿ ನೋಡಿ. ರಟ್ಟು ಅದೇ, ದಪ್ಪವೂ ಅದೇ, ಆದರೆ ಡಬ್ಬಿ ಜಗ್ಗುವುದಿಲ್ಲ. ನಿಮ್ಮ ಚೌಕಟ್ಟು ಒಂದು ಬದಿ ತೆರೆದ ದೋಣಿಯಾಕಾರದಲ್ಲಿ ಇರುವ ಸಂಭವವೇ ಹೆಚ್ಚು. 40 ಮಿ.ಮೀ. ಅಗಲ, 30 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪದ ಗೋಡೆ ಎಂದು ಹಿಡಿದು ಲೆಕ್ಕ ಹಾಕೋಣ. ಸುತ್ತಳತೆ 140 ಮಿ.ಮೀ. ಈ ಚೌಕ ಕೊಳವೆಯ ಉದ್ದಕ್ಕೂ ಒಂದು ಸೀಳು ಇದ್ದರೆ, ಅಂದರೆ ಅದು ದೋಣಿಯಂತೆ ತೆರೆದಿದ್ದರೆ, ತಿರುಚುವಿಕೆಯನ್ನು ತಡೆಯುವ ಗುಣಾಂಕ ಸುಮಾರು 47. ಪದರಗಳನ್ನು ಇಮ್ಮಡಿ ಮಾಡಿ ಗೋಡೆಯನ್ನು 2 ಮಿ.ಮೀ.ಗೆ ಏರಿಸಿದರೆ ಅದು ಎಂಟು ಪಟ್ಟಾಗಿ 373ಕ್ಕೆ ಬರುತ್ತದೆ. ಗೋಡೆಯನ್ನು 1 ಮಿ.ಮೀ.ನಲ್ಲೇ ಬಿಟ್ಟು ಸೀಳನ್ನು ಮುಚ್ಚಿದರೆ ಅದೇ ಗುಣಾಂಕ 41,000 ದಾಟುತ್ತದೆ. ಕೈಕೆಲಸದಲ್ಲಿ ಲೆಕ್ಕದಷ್ಟು ಪೂರ್ತಿ ಸಿಗದು, ಮೂಲೆಯ ಜೋಡಣೆಗಳು ಒಂದಿಷ್ಟು ತಿಂದುಹಾಕುತ್ತವೆ. ಹತ್ತರಲ್ಲಿ ಒಂದು ಪಾಲು ಸಿಕ್ಕರೂ ನಿಮ್ಮ ತೊಂದರೆ ತೀರುತ್ತದೆ. ಆದ್ದರಿಂದ ಪದರ ಏರಿಸುವ ಮೊದಲು ಪೆಟ್ಟಿಗೆಯನ್ನು ಮುಚ್ಚಿ.

ಅದಕ್ಕೂ ಮೊದಲು ತಪ್ಪು ಚೌಕಟ್ಟಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಬಿಜಾಗರಿಯ ಪಿನ್ ಸಡಿಲವಿದ್ದರೂ ಮೂಲೆ ಏಳುತ್ತದೆ. ಕ್ಯಾನೊಪಿಯನ್ನು ಕಳಚಿ ಸಪಾಟಾದ ಮೇಜಿನ ಮೇಲೆ ಮೂರು ಮೂಲೆಗಳಿಗೆ ಸಮ ಎತ್ತರದ ಕಟ್ಟಿಗೆ ತುಂಡು ಕೊಟ್ಟು ಕೂರಿಸಿ. ಆ ಮೂರೂ ಮೂಲೆ ಏಳದಂತೆ ಹಿಡಿದಿಡಿ. ನಾಲ್ಕನೇ ಮೂಲೆಗೆ 2 ಕೆ.ಜಿ. ತೂಕ ಇಟ್ಟು ಎಷ್ಟು ಕೆಳಗಿಳಿಯಿತು ಎಂದು ಅಳೆದು ಬರೆದಿಡಿ. ಕೆಲಸ ಮುಗಿದ ಮೇಲೆ ಹೋಲಿಸಲು ಇದೇ ನಿಮ್ಮ ಆಧಾರ.

ಇನ್ನೊಂದು ಮಾತನ್ನು ಬಹಳ ಮಂದಿ ಮರೆಯುತ್ತಾರೆ: ಎಪಾಕ್ಸಿ ಯಾವ ಭಂಗಿಯಲ್ಲಿ ಗಟ್ಟಿಯಾಗುತ್ತದೋ ಚೌಕಟ್ಟು ಅದೇ ಭಂಗಿಯಲ್ಲಿ ನಿಂತುಬಿಡುತ್ತದೆ. ಕ್ಯಾನೊಪಿಯನ್ನು ತೆಗೆದು ಗಾದಿಯ ಮೇಲೆ ಬೋರಲು ಹಾಕಿ ಬಟ್ಟೆ ಹಚ್ಚಿದರೆ ಒಂದು ಮೂಲೆ 5 ಮಿ.ಮೀ. ಎದ್ದಂತೆಯೇ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಒತ್ತಿ ಕೂರಿಸಲು ಸಾಧ್ಯವಿಲ್ಲ. ಹಾಗಾಗಿ ಕ್ಯಾನೊಪಿಯನ್ನು ವಿಮಾನದ ಮೇಲೆ ಸರಿಯಾಗಿ ಮುಚ್ಚಿ, ಚಿಲಕ ಹಾಕಿ, ಎದ್ದ ಮೂಲೆಯ ಮೇಲೆ ಮರಳಿನ ಚೀಲ ಇಟ್ಟು ಸಂದು ಸಮ ಮಾಡಿಕೊಳ್ಳಿ. ಒಳಗಿನಿಂದ 12 ಮಿ.ಮೀ. ಪ್ಲೈವುಡ್‌ನ ಎರಡು ಅಡ್ಡಪಟ್ಟಿ ಮತ್ತು ಒಂದು ಓರೆಪಟ್ಟಿಯನ್ನು ಚೌಕಟ್ಟಿಗೆ ಕಾರಿನ ಪುಟ್ಟಿಯಿಂದ ಹಿಡಿಸಿ. ಪುಟ್ಟಿ ಗಟ್ಟಿಯಾದ ಮೇಲೆ ಕ್ಯಾನೊಪಿಯನ್ನು ಎತ್ತಿ ತಿರುವಿ ಹಾಕಿದರೂ ಆಕಾರ ಬದಲಾಗದು. ಕೆಲಸ ಮುಗಿದ ಮೇಲೆ ಸುತ್ತಿಗೆಯ ಒಂದು ಸಣ್ಣ ಏಟಿಗೆ ಪಟ್ಟಿಗಳು ಕಳಚಿ ಬರುತ್ತವೆ.

ಈಗ ಕೆಲಸ. ಅಕ್ರಿಲಿಕ್ ಗುಳ್ಳೆಯ (ಚೌಕಟ್ಟಿನ ಮೇಲಿನ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ಕಿನ) ಒಳಗೂ ಹೊರಗೂ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಎಲೆಕ್ಟ್ರಿಕಲ್ ಟೇಪ್ ಹಚ್ಚಿ. ಹಳೆಯ ಗ್ಲಾಸ್ ಮೇಲಿನ ಬಣ್ಣವನ್ನೆಲ್ಲ 80 ನಂಬರಿನ ಪಾಲಿಶ್ ಪೇಪರ್‌ನಿಂದ ತೆಗೆಯಿರಿ. ಹೊಳಪು ಹೋಗಿ ಮಂಕಾದ ಬಿಳಿ ಬಂದರೆ ಸಾಕು, ನೇಯ್ಗೆಯ ಎಳೆ ಕತ್ತರಿಸಬಾರದು. ದೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಅಸಿಟೋನ್ ಬಾಟಲಿಯನ್ನು ಶೆಡ್ಡಿನ ಹೊರಗಿಡಿ, ಅದರ ಒಂದು ಹನಿ ಸಾಕು ಅಕ್ರಿಲಿಕ್ ಕೆಡಲು.

ದೋಣಿಯೊಳಗೆ ತುಂಬಲು ಘನ ಮೀಟರಿಗೆ 60ರಿಂದ 80 ಕೆ.ಜಿ. ಸಾಂದ್ರತೆಯ ಪಿವಿಸಿ ಫೋಮ್ ಒಳ್ಳೆಯದು. ಕಮಾನಿನಂಥ ಮುಂದಿನ ಮತ್ತು ಹಿಂದಿನ ಭಾಗದಲ್ಲಿ ಫೋಮ್ ಬಾಗುವುದಿಲ್ಲ. ಅಲ್ಲಿ 50 ಮಿ.ಮೀ.ಗೊಂದರಂತೆ ಅರ್ಧ ಆಳದ ಸೀಳು ಹಾಕಿ ಬಾಗಿಸಿ, ಸೀಳಿನಲ್ಲಿ ಮೈಕ್ರೊ ತುಂಬಿ. ಮೈಕ್ರೊ ಎಂದರೆ ಎಪಾಕ್ಸಿಯಲ್ಲಿ ಟೊಳ್ಳು ಗಾಜಿನ ಪುಡಿ ಕಲಸಿದ ಹಿಟ್ಟು. ಫೋಮಿನ ಮೈಗೆ ಸವರಲು ಅಳತೆಯಲ್ಲಿ ಸಮಪಾಲು ಕಲಸಿದ ತೆಳು ಮೈಕ್ರೊ ಸಾಕು. ಅದನ್ನು ಸವರದೆ ಬಟ್ಟೆ ಹಚ್ಚಿದರೆ ಫೋಮಿನ ರಂಧ್ರಗಳು ಎಪಾಕ್ಸಿಯನ್ನು ಹೀರಿ ಬಟ್ಟೆಯನ್ನು ಒಣಗಿಸುತ್ತವೆ. ಫೋಮಿನ ಹೊರಮೂಲೆಗಳನ್ನು ಕನಿಷ್ಠ 3 ಮಿ.ಮೀ. ದುಂಡಗೆ ಮಾಡಿ. ಚೂಪು ಮೂಲೆಯ ಮೇಲೆ ಗ್ಲಾಸ್ ಬಟ್ಟೆ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಒಳಮೂಲೆಗಳಿಗೆ 8 ಮಿ.ಮೀ. ದುಂಡನೆಯ ಮೈಕ್ರೊ ಕಟ್ಟೆ ಕೊಡಿ.

ಬಿಜಾಗರಿ ಮತ್ತು ಚಿಲಕ ಬರುವ ಜಾಗದಲ್ಲಿ ಫೋಮ್ ಇರಲೇಬಾರದು. ಬೋಲ್ಟ್ ಬಿಗಿದಂತೆ ಅದು ಕುಸಿಯುತ್ತದೆ. ಅಲ್ಲಿ 40 ಮಿ.ಮೀ. ಚೌಕದಷ್ಟು ಫೋಮ್ ತೆಗೆದು ಫ್ಲಾಕ್ಸ್ ತುಂಬಿ. ಒಂದು ಪಾಲು ಎಪಾಕ್ಸಿಗೆ ಎರಡು ಪಾಲು ಹತ್ತಿಯ ನಾರಿನ ಪುಡಿ ಕಲಸಿದರೆ ಫ್ಲಾಕ್ಸ್ ಆಗುತ್ತದೆ. ಒಮ್ಮೆಗೇ ಪೂರ್ತಿ ಆಳ ತುಂಬಿದರೆ ಒಳಗೆ ಕಾವು ಏರಿ ಹೊಗೆಯಾಡುತ್ತದೆ, ಎರಡು ಮೂರು ಸಲಕ್ಕೆ ತುಂಬಿ.

ಇನ್ನು ಬಟ್ಟೆ. ಮೊದಲು ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ನೇಯ್ದ ಬಟ್ಟೆ, ಎಳೆಗಳು 45 ಡಿಗ್ರಿ ಓರೆಯಾಗಿ, ಒಂದು ಪದರ. ಅದರ ಮೇಲೆ ಚೌಕಟ್ಟಿನ ಉದ್ದಕ್ಕೆ 40 ಮಿ.ಮೀ. ಅಗಲದ ಒಂದೇ ದಿಕ್ಕಿನ ಎಳೆಯ ಬಟ್ಟೆ, ಎರಡು ಪದರ. ಕೊನೆಗೆ ಮತ್ತೊಂದು ಪದರ ಓರೆ ಬಟ್ಟೆ. ಎರಡೂ ಅಂಚಿನಲ್ಲಿ ಹಳೆಯ ಗ್ಲಾಸ್ ಮೇಲೆ ಕನಿಷ್ಠ 25 ಮಿ.ಮೀ. ಹತ್ತಬೇಕು. ಇದು ಪೆಟ್ಟಿಗೆಯನ್ನು ಮುಚ್ಚುವ ಹೊಲಿಗೆ. ಇಲ್ಲಿ ಹಿಡಿತ ಬಿಟ್ಟರೆ ಮತ್ತೆ ಸೀಳು ಬಿದ್ದ ಕೊಳವೆಯೇ. ಎಲ್ಲದರ ಮೇಲೆ ಪೀಲ್ ಪ್ಲೈ (ಎಪಾಕ್ಸಿಗೆ ಗಟ್ಟಿಯಾಗಿ ಅಂಟದ ತೆಳು ಬಟ್ಟೆ) ಹೊದಿಸಿ, ಗಟ್ಟಿಯಾದ ಮೇಲೆ ಸುಲಿದು ತೆಗೆಯಿರಿ.

ಪ್ರಮಾಣ: ಬದಿಗಳು 1.2 ಮೀಟರ್, ಕಮಾನುಗಳು 1.1 ಮೀಟರ್ ಇದ್ದರೆ ಒಟ್ಟು ಸುತ್ತು 4.6 ಮೀಟರ್. 150 ಮಿ.ಮೀ. ಅಗಲದ ಪಟ್ಟಿ ಹಚ್ಚಿದರೆ ನೇಯ್ದ ಬಟ್ಟೆ ಎರಡು ಪದರಕ್ಕೆ 1.4 ಚದರ ಮೀಟರ್ ಬೇಕು. ಓರೆ ಕತ್ತರಿಸುವಾಗ ಹಾಳಾಗುವುದನ್ನು ಸೇರಿಸಿ 2.5 ಚದರ ಮೀಟರ್ ತರಿಸಿ. ಬಟ್ಟೆ ಒಟ್ಟು 500 ಗ್ರಾಂ, ಅದನ್ನು ನೆನೆಸಲು ಎಪಾಕ್ಸಿಯೂ ಹೆಚ್ಚೂಕಡಿಮೆ ಅಷ್ಟೇ, ಫೋಮ್ 390 ಗ್ರಾಂ, ಮೈಕ್ರೊ ಮತ್ತು ಫ್ಲಾಕ್ಸ್ 150 ಗ್ರಾಂ. ಕ್ಯಾನೊಪಿಯ ತೂಕ ಒಂದೂವರೆ ಕೆ.ಜಿ.ಯಷ್ಟು ಏರುತ್ತದೆ. 3 ಕೆ.ಜಿ. ಏರಿತೆಂದರೆ ನೀವು ಬಟ್ಟೆಯನ್ನು ಎಪಾಕ್ಸಿಯಲ್ಲಿ ಮುಳುಗಿಸಿದ್ದೀರಿ ಎಂದೇ ಅರ್ಥ. ಹೆಚ್ಚಾದ ಎಪಾಕ್ಸಿ ಬಲ ಕೊಡುವುದಿಲ್ಲ. ರಬ್ಬರ್ ಪಟ್ಟಿಯಿಂದ ಎಳೆದು ತೆಗೆಯಿರಿ, ನೇಯ್ಗೆಯ ಗುರುತು ಮೇಲೆ ಕಾಣುತ್ತಿರಬೇಕು. ಕೊನೆಗೆ ವಿಮಾನದ ತೂಕ ಮತ್ತು ಗುರುತ್ವಕೇಂದ್ರದ ಲೆಕ್ಕವನ್ನು ಹೊಸದಾಗಿ ಮಾಡಿ. ಬದಲಾವಣೆಯನ್ನು ನಕ್ಷೆ ಸಮೇತ ನಿಮ್ಮ ದಾಖಲೆ ಪುಸ್ತಕದಲ್ಲಿ ಬರೆದಿಡಿ.

ಪ್ರಶ್ನೆ: ಬಟ್ಟೆಯನ್ನು ಓರೆಯಾಗಿ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ನಾನು ನೇಕಾರರ ಮನೆತನದವನು. ಬಟ್ಟೆಯನ್ನು ಓರೆ ಎಳೆದರೆ ಜಗ್ಗುತ್ತದೆ, ನೇರ ಎಳೆದರೆ ಜಗ್ಗುವುದಿಲ್ಲ. ಹಾಗಾದರೆ ಓರೆ ಹಚ್ಚುವುದು ದುರ್ಬಲವಲ್ಲವೇ?
— ಬೆಟಗೇರಿ, ಗದಗ

ಉತ್ತರ: ಮಗ್ಗದ ಮೇಲಿನ ಬಟ್ಟೆಗೆ ನಿಮ್ಮ ಮಾತು ಪೂರ್ತಿ ನಿಜ. ಹಾಸು ಮತ್ತು ಹೊಕ್ಕು ಎರಡೂ ತಂತಮ್ಮ ಉದ್ದಕ್ಕೆ ಮಾತ್ರ ಬಲ ಕೊಡುತ್ತವೆ. ಓರೆ ಎಳೆದಾಗ ಎಳೆಗಳು ಒಂದರ ಮೇಲೊಂದು ತಿರುಗಿ ಬಟ್ಟೆ ಜಗ್ಗುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಎಳೆಗಳು ತಿರುಗಲಾರವು. ಆಗ ನೋಡಬೇಕಾದ್ದು ಬಲ ಯಾವ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದನ್ನು. ಒಂದು ಕೊಳವೆಯನ್ನು ತಿರುಚಿದಾಗ ಅದರ ಮೈಯಲ್ಲಿ ಎಳೆತ ಮತ್ತು ಒತ್ತಡ ಎರಡೂ 45 ಡಿಗ್ರಿ ಓರೆಯಲ್ಲಿ ಸಾಗುತ್ತವೆ. ಹಸಿ ಬಟ್ಟೆಯನ್ನು ಹಿಂಡುವಾಗ ಏಳುವ ನೆರಿಗೆಗಳೂ ಓರೆಯೇ ಅಲ್ಲವೇ? ಆ ದಾರಿಯಲ್ಲೇ ಹಾಸು-ಹೊಕ್ಕು ಇದ್ದರೆ ತಿರುಚುವಿಕೆ ನೇರವಾಗಿ ಎಳೆಗಳ ಮೇಲೆ ಬೀಳುತ್ತದೆ. ಉದ್ದಕ್ಕೆ ಹಚ್ಚಿದರೆ ಎಲ್ಲ ಭಾರವೂ ಬರೀ ಎಪಾಕ್ಸಿಯ ಮೇಲೆ.

ಬಾಗುವಿಕೆ ಬೇರೆ ಸಂಗತಿ. ಅದಕ್ಕೆ ಉದ್ದದ ಎಳೆಯೇ ಬೇಕು. ನಿಮ್ಮ ಜಿಲ್ಲೆಯ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳ ರೆಕ್ಕೆಯಲ್ಲೂ ಇದೇ ಹಂಚಿಕೆ: ಬಾಗದಿರಲು ಉದ್ದಕ್ಕೆ ಓಡುವ ಎಳೆಗಳ ದಪ್ಪ ಪಟ್ಟಿ, ತಿರುಚದಿರಲು ಓರೆ ಎಳೆಗಳ ಹೊದಿಕೆ. ಕ್ಯಾನೊಪಿ ಚೌಕಟ್ಟು ಅದರ ಮರಿ ರೂಪ.

ಕತ್ತರಿಸುವಾಗ ನಿಮ್ಮ ಕೈಗೆ ಇರುವ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. 1 ಮೀಟರ್ ಅಗಲದ ಥಾನಿನಲ್ಲಿ 150 ಮಿ.ಮೀ. ಅಗಲದ ಓರೆ ಪಟ್ಟಿ ಸುಮಾರು 1.25 ಮೀಟರ್ ಉದ್ದ ಸಿಗುತ್ತದೆ, ಮುಂದಿನ ಪಟ್ಟಿಯನ್ನು 25 ಮಿ.ಮೀ. ಮೇಲೆ ಹತ್ತಿಸಿ ಜೋಡಿಸಿ. ಓರೆ ಪಟ್ಟಿಯನ್ನು ಎತ್ತುವಾಗ ಎಳೆಯಬೇಡಿ, ಉದ್ದವಾಗಿ ಅಗಲ ಕಿರಿದಾಗುತ್ತದೆ. ಹಾಳೆಯ ಮೇಲೆ ಸುರುಳಿ ಸುತ್ತಿ ಒಯ್ದು ಬಿಚ್ಚುತ್ತಾ ಹಾಸಿ.

ಪ್ರಶ್ನೆ: ನಮ್ಮೂರಲ್ಲಿ ಫೈಬರ್ ನೀರಿನ ಟ್ಯಾಂಕ್ ಮಾಡುವವರ ಹತ್ತಿರ ರೆಸಿನ್ ಮತ್ತು ಗ್ಲಾಸ್ ಚಾಪೆ ಅಗ್ಗವಾಗಿ ಸಿಗುತ್ತದೆ. ಅದನ್ನೇ ಬಳಸಬಹುದೇ?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಬೇಡ. ಟ್ಯಾಂಕಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಥರ್ಮೊಕೋಲ್ ಜಾತಿಯ ಫೋಮನ್ನು ಕಣ್ಣೆದುರೇ ಕರಗಿಸುತ್ತದೆ, ಅಕ್ರಿಲಿಕ್ಕಿಗೂ ಅದು ವಿಷ. ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಈಗಾಗಲೇ ಗಟ್ಟಿಯಾದ ಎಪಾಕ್ಸಿಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಚಾಪೆಯದು ಇನ್ನೊಂದು ತೊಡಕು: ತುಂಡು ಎಳೆಗಳನ್ನು ಹಿಡಿದಿಟ್ಟ ಅಂಟು ಸ್ಟೈರೀನ್‌ನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಅದು ಕರಗದೆ ಚಾಪೆ ಬಿರುಸಾಗಿಯೇ ನಿಲ್ಲುತ್ತದೆ. ದಿಕ್ಕಿಲ್ಲದ ಎಳೆಗಳಿಗೆ ಎಪಾಕ್ಸಿಯೂ ಇಮ್ಮಡಿ ಕುಡಿಸಬೇಕು. ಮೊದಲ ಉತ್ತರದಲ್ಲಿ ಹೇಳಿದ ಕಾರಿನ ಪುಟ್ಟಿಯೂ ಪಾಲಿಯೆಸ್ಟರೇ. ಅದರ ಹಿಡಿತ ಕಡಿಮೆ ಎಂಬ ಕಾರಣಕ್ಕೇ ಆಮೇಲೆ ಕಿತ್ತು ತೆಗೆಯುವ ಪಟ್ಟಿಗಳಿಗೆ ಅದು ಸರಿಹೊಂದುತ್ತದೆ.

ಟ್ಯಾಂಕ್ ಮಾಡುವವರ ಹತ್ತಿರ ಕಲಿಯುವುದು ಬೇಕಾದಷ್ಟಿದೆ: ರೋಲರ್ ಹಿಡಿಯುವ ಕೈ, ಗಾಳಿಗುಳ್ಳೆ ಹೊರಡಿಸುವ ಹದ. ಸಾಮಾನು ಮಾತ್ರ ಬೇರೆ ತರಿಸಿ.

ಪ್ರಶ್ನೆ: ಅಕ್ರಿಲಿಕ್ ಗುಳ್ಳೆಯನ್ನು ಚೌಕಟ್ಟಿಗೆ 4 ಮಿ.ಮೀ. ಸ್ಕ್ರೂಗಳಿಂದ ಹಿಡಿಸಿದ್ದೆವು. ಒಂದು ಬೇಸಿಗೆ ಕಳೆಯುವುದರೊಳಗೆ ಮೂರು ತೂತುಗಳಿಂದ ಎಳೆಬಿರುಕು ಹೊರಟಿವೆ. ಅಕ್ರಿಲಿಕ್ ಕಳಪೆಯೇ ಅಥವಾ ನಮ್ಮ ಕೆಲಸವೇ?
— ವಿದ್ಯಾಗಿರಿ, ಧಾರವಾಡ

ಉತ್ತರ: ಕೆಲಸದ್ದೇ ತಪ್ಪು ಇರಬೇಕು. ಅಕ್ರಿಲಿಕ್ ಒಂದು ಡಿಗ್ರಿ ಕಾವಿಗೆ ಒಂದು ಮೀಟರಿನಲ್ಲಿ 0.07 ಮಿ.ಮೀ. ಹಿಗ್ಗುತ್ತದೆ. ಗ್ಲಾಸ್-ಎಪಾಕ್ಸಿ ಅದರ ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ. ಧಾರವಾಡದ ಚಳಿಗಾಲದ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಬಿಸಿಲಲ್ಲಿ ನಿಂತ ಕ್ಯಾನೊಪಿಯ 55 ಡಿಗ್ರಿಗೂ ನಡುವೆ 40 ಡಿಗ್ರಿ ಅಂತರ. 1.2 ಮೀಟರ್ ಉದ್ದದ ಗುಳ್ಳೆ 3.4 ಮಿ.ಮೀ. ಹಿಗ್ಗಿದರೆ ಕೆಳಗಿನ ಚೌಕಟ್ಟು ಹಿಗ್ಗುವುದು 0.7 ಮಿ.ಮೀ. ಮಾತ್ರ. ಉಳಿದ 2.7 ಮಿ.ಮೀ. ಎಲ್ಲಿಗೆ ಹೋಗಬೇಕು? ತೂತು ಸ್ಕ್ರೂಗೆ ಬಿಗಿಯಾಗಿದ್ದರೆ ಅದು ತೂತಿನ ಅಂಚನ್ನೇ ಒತ್ತಿ ಸೀಳುತ್ತದೆ.

4 ಮಿ.ಮೀ. ಸ್ಕ್ರೂಗೆ ನಡುಭಾಗದಲ್ಲಿ 5 ಮಿ.ಮೀ., ತುದಿಗಳಲ್ಲಿ 6.5ರಿಂದ 7 ಮಿ.ಮೀ. ತೂತು ಬೇಕು. ತೂತಿನೊಳಗೆ ಮೆತ್ತನೆ ರಬ್ಬರ್ ಕೊಳವೆಯ ತುಂಡು, ಮೇಲೆ ಅಗಲ ವಾಶರ್. ಸ್ಕ್ರೂ ತಾಗುವಷ್ಟು ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ. ಸ್ಕ್ರೂ ಸಡಿಲಾಗದಿರಲು ಹಾಕುವ ದ್ರವ ಅಂಟನ್ನು ಇಲ್ಲಿ ಹಾಕಲೇಬೇಡಿ, ಅದು ಅಕ್ರಿಲಿಕ್ಕಿನಲ್ಲಿ ಬಿರುಕಿನ ಬಲೆ ಎಬ್ಬಿಸುತ್ತದೆ. ನೈಲಾನ್ ಉಂಗುರದ ನಟ್ ಬಳಸಿ. ಸಂದು ತುಂಬಲು ಸಿಲಿಕೋನ್ ಬೇಕೆಂದರೆ ವಿನೆಗರ್ ವಾಸನೆಯದು ಬೇಡ, ನ್ಯೂಟ್ರಲ್ ಎಂದು ಬರೆದದ್ದನ್ನು ಕೊಳ್ಳಿ.

ಡ್ರಿಲ್ ಬಿಟ್ ಕೂಡ ನೋಡಿ. ಕಬ್ಬಿಣ ಕೊರೆಯುವ ಮಾಮೂಲಿ ಬಿಟ್ ಅಕ್ರಿಲಿಕ್ಕನ್ನು ಕಚ್ಚಿ ಒಳಗೆಳೆಯುತ್ತದೆ, ಆಚೆ ಬದಿ ಹೊರಬರುವಾಗ ಚಕ್ಕೆ ಹಾರಿಸುತ್ತದೆ. ಆ ಚಕ್ಕೆಯ ಮೂಲೆಯಲ್ಲೇ ಬಿರುಕು ಹುಟ್ಟುವುದು. ಅಕ್ರಿಲಿಕ್ಕಿಗೆಂದೇ ಮಾಡಿದ ಚೂಪು ಮೊನೆಯ ಬಿಟ್ ಇಲ್ಲವೇ ಮೆಟ್ಟಿಲು ಬಿಟ್ ತನ್ನಿ. ಹಿಂದೆ ಕಟ್ಟಿಗೆ ಒತ್ತಿ ಹಿಡಿದು, ನಿಧಾನ ವೇಗದಲ್ಲಿ ಕೊರೆಯಿರಿ. ಚಳಿಯ ಮುಂಜಾನೆ ಈ ಕೆಲಸ ಬೇಡ, ಹಾಳೆ 25 ಡಿಗ್ರಿಗಿಂತ ಬೆಚ್ಚಗಿರಲಿ. ತೂತಿನ ಒಳಮೈಯನ್ನೂ ಗುಳ್ಳೆಯ ಹೊರ ಅಂಚನ್ನೂ 400 ನಂಬರಿನ ಕಾಗದದವರೆಗೆ ಉಜ್ಜಿ. ಬೆರಳುಗುರಿಗೆ ಗೀರು ಸಿಕ್ಕದಂತಿರಬೇಕು.

ಈಗಿರುವ ಬಿರುಕುಗಳ ಮಾತು: ಪ್ರತಿ ಬಿರುಕಿನ ಕಟ್ಟಕಡೆಯ ತುದಿಯನ್ನು ಭೂತಗನ್ನಡಿಯಲ್ಲಿ ಹುಡುಕಿ ಅಲ್ಲಿ 3 ಮಿ.ಮೀ. ತೂತು ಕೊರೆದರೆ ಬಿರುಕು ನಿಲ್ಲುತ್ತದೆ. ತುದಿ ಬಿಟ್ಟು ಅರ್ಧ ಮಿ.ಮೀ. ಹಿಂದೆ ಕೊರೆದರೂ ಪ್ರಯೋಜನವಿಲ್ಲ. ಚೌಕಟ್ಟಿನ ಅಂಚಿನೊಳಗೆ ಮುಗಿಯುವ ಬಿರುಕಿಗೆ ಮಾತ್ರ ಈ ಉಪಾಯ. ಕಣ್ಣೆದುರಿನ ಭಾಗಕ್ಕೆ ದಾಟಿದ್ದರೆ ಗುಳ್ಳೆಯನ್ನೇ ಬದಲಿಸಿ. ಹೊಸದನ್ನು ಸ್ಕ್ರೂ ಇಲ್ಲದೆ ಅಂಟಿನಿಂದ ಹಿಡಿಸುವುದು ನಮ್ಮ ಸಲಹೆ. ಕೆಲವು ಮಿ.ಮೀ. ದಪ್ಪದ ಮೆತ್ತನೆ ಪಾಲಿಯುರೆಥೇನ್ ಅಂಟಿನ ಪದರ ಹಿಗ್ಗು-ಕುಗ್ಗನ್ನು ತಾನೇ ನುಂಗುತ್ತದೆ, ಜತೆಗೆ ಗುಳ್ಳೆಯೂ ಚೌಕಟ್ಟಿನ ತಿರುಚು ತಡೆಯಲು ಒಂದಿಷ್ಟು ಕೈಗೂಡಿಸುತ್ತದೆ. ಅಂಟಿನ ತಯಾರಕರು ಹೇಳಿದ ಪ್ರೈಮರನ್ನು ಬಿಡಬೇಡಿ. ಬಿಸಿಲು ನೇರ ಬೀಳುವ ಅಂಟಿನ ಗೆರೆಯನ್ನು ಕಪ್ಪು ಪಟ್ಟಿ ಅಥವಾ ಬಣ್ಣದಿಂದ ಮರೆಮಾಡಿ.

ಪ್ರಶ್ನೆ: ಗ್ಲಾಸ್ ಬದಲು ಕಾರ್ಬನ್ ಬಟ್ಟೆ ಹಚ್ಚಿದರೆ ಅರ್ಧ ತೂಕದಲ್ಲಿ ಕೆಲಸ ಆಗುವುದಿಲ್ಲವೇ?
— ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಉದ್ದಕ್ಕೆ ಓಡುವ ಪಟ್ಟಿಗೆ ಕಾರ್ಬನ್ ಚೆನ್ನ, ಬಿರುಸು ಗ್ಲಾಸಿನ ಮೂರು ಪಟ್ಟು. ಆದರೆ ಕಾರ್ಬನ್ ಕಾವಿಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಮೇಲೆ ಹೇಳಿದ ಅಕ್ರಿಲಿಕ್ ಜಗಳ ಇನ್ನಷ್ಟು ಜೋರಾಗುತ್ತದೆ. ಅಲ್ಯೂಮಿನಿಯಂ ಬಿಜಾಗರಿ ಕಾರ್ಬನ್ನಿಗೆ ನೇರ ತಾಗಿದರೆ ಮಳೆಗಾಲದ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ಒಂದು ಪದರ ಗ್ಲಾಸ್ ಇರಲೇಬೇಕು. ರೇಡಿಯೊ ಆಂಟೆನಾ ಹತ್ತಿರವಿದ್ದರೆ ಕಾರ್ಬನ್ ಅದಕ್ಕೆ ಅಡ್ಡಿ. ಫೋಮ್ ಪೆಟ್ಟಿಗೆಯ ತೂಕದಲ್ಲಿ ಬಟ್ಟೆಯದು ಮೂರನೇ ಒಂದು ಭಾಗ ಮಾತ್ರ, ಹೀಗಾಗಿ ಉಳಿತಾಯ ಎರಡು-ಮೂರು ನೂರು ಗ್ರಾಂ ದಾಟದು. ಮೊದಲ ವಿಮಾನ ಕಟ್ಟುವವರು ಗ್ಲಾಸಿನಲ್ಲೇ ಮುಗಿಸಿ. ಅದು ನೆನೆದಾಗ ಪಾರದರ್ಶಕವಾಗುತ್ತದೆ, ಒಣಗಿದ ಜಾಗ ಮತ್ತು ಗಾಳಿಗುಳ್ಳೆ ಬಿಳಿಯಾಗಿ ಕಾಣುತ್ತವೆ. ಕಾರ್ಬನ್ ಕಪ್ಪು, ಅದರ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಜೂನ್ ತಿಂಗಳಲ್ಲಿ ಹಚ್ಚಿದ ಪದರದ ಮೇಲೆ ಮೇಣ ಸವರಿದ ಹಾಗೆ ಜಿಡ್ಡು ಬಂತು. ಏಪ್ರಿಲ್‌ನಲ್ಲಿ ಹಚ್ಚಿದಾಗ ಡಬ್ಬಿಯಲ್ಲೇ ಗಟ್ಟಿಯಾಯಿತು. ನಮ್ಮ ಕಡೆ ಈ ಕೆಲಸ ಯಾವಾಗ ಮಾಡಬೇಕು?
— ಕಲಘಟಗಿ ರಸ್ತೆ, ಧಾರವಾಡ ಜಿಲ್ಲೆ

ಉತ್ತರ: ನವೆಂಬರ್‌ನಿಂದ ಫೆಬ್ರುವರಿ, ಹೊತ್ತೇರಿದ ಮೇಲೆ. 22ರಿಂದ 30 ಡಿಗ್ರಿ ಕಾವು, 60 ಶೇಕಡಾಕ್ಕಿಂತ ಕಡಿಮೆ ತೇವ ಇದ್ದರೆ ಎಪಾಕ್ಸಿ ಹೇಳಿದಂತೆ ಕೇಳುತ್ತದೆ. ಜೂನ್‌ನಲ್ಲಿ ಬಂದ ಜಿಡ್ಡು ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮಾಡಿದ ಪದರ. ಅದನ್ನು ಹಾಗೇ ಪಾಲಿಶ್ ಪೇಪರ್‌ನಿಂದ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಇಳಿದು ಮುಂದಿನ ಪದರ ಸುಲಿದು ಬರುತ್ತದೆ. ಮೊದಲು ಬೆಚ್ಚನೆ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆಯಿರಿ, ಒಣಗಿಸಿ, ಆಮೇಲೆ ಉಜ್ಜಿ.

ಏಪ್ರಿಲ್‌ನಲ್ಲಿ ಮಾಡಲೇಬೇಕಾದರೆ ಮುಂಜಾನೆ ಐದಕ್ಕೆ ಶುರುಮಾಡಿ ಒಂಬತ್ತರೊಳಗೆ ಮುಗಿಸಿ. ಒಮ್ಮೆಗೆ 100ರಿಂದ 150 ಗ್ರಾಂಗಿಂತ ಹೆಚ್ಚು ಕಲಸಬೇಡಿ. ಕಲಸಿದ್ದನ್ನು ಅಗಲವಾದ ತಟ್ಟೆಗೆ ಸುರಿಯಿರಿ. ಆಳವಾದ ಲೋಟದಲ್ಲಿ ತನ್ನ ಕಾವಿಗೆ ತಾನೇ ಕುದಿಯುತ್ತದೆ. 10 ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಅರ್ಧವಾಗುತ್ತದೆ. ಬೇಗ ಗಟ್ಟಿಯಾಗುತ್ತದೆಂದು ಹಾರ್ಡನರ್ ಕಡಿಮೆ ಹಾಕುವುದು ದೊಡ್ಡ ತಪ್ಪು. ಡಬ್ಬಿಯ ಮೇಲಿನ ಪ್ರಮಾಣವನ್ನು 1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿಯೇ ಹಾಕಿ. ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬೇಡಿ. ಎಪಾಕ್ಸಿ ಅಲರ್ಜಿ ಒಮ್ಮೆ ಹತ್ತಿದರೆ ಮತ್ತೆ ಬಿಡದು.

ಮಾಮೂಲಿ ಕಾವಿನಲ್ಲಿ ಗಟ್ಟಿಯಾದ ಎಪಾಕ್ಸಿ ಬಿಸಿಲಿಗೆ ಮೆತ್ತಗಾಗಬಹುದು. ಥರ್ಮೊಕೋಲ್ ಹಾಳೆಗಳ ಡಬ್ಬಿ ಕಟ್ಟಿ, ಒಳಗೆ ಕ್ಯಾನೊಪಿಯನ್ನು 100 ವ್ಯಾಟ್ ಬಲ್ಬುಗಳ ಕಾವಿನಿಂದ 50-55 ಡಿಗ್ರಿಯಲ್ಲಿ ಎಂಟು ತಾಸು ಇಡಿ. ಮೊದಲ ಉತ್ತರದಲ್ಲಿ ಹೇಳಿದ ಪ್ಲೈವುಡ್ ಅಡ್ಡಪಟ್ಟಿಗಳು ಆಗಲೂ ಇರಲಿ. ಬಲ್ಬು ಅಕ್ರಿಲಿಕ್ ಹತ್ತಿರ ಬೇಡ. ಹೊರಗಿನ ಬಣ್ಣ ಬಿಳಿಯೇ ಇರಲಿ. ಗಾಢ ಬಣ್ಣದ ಮೈ ನಮ್ಮ ಬಿಸಿಲಲ್ಲಿ 80 ಡಿಗ್ರಿ ಮುಟ್ಟಬಲ್ಲದು.

ಪ್ರಶ್ನೆ: ಹಾರುವಾಗ ಕ್ಯಾನೊಪಿ ತೆರೆದುಕೊಂಡರೆ? ಗಟ್ಟಿ ಚೌಕಟ್ಟು ಇದ್ದರೆ ಈ ಭಯ ಇಲ್ಲ ಅಲ್ಲವೇ?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಚೌಕಟ್ಟು ಅರ್ಧ ರಕ್ಷಣೆ ಮಾತ್ರ, ಉಳಿದರ್ಧ ಚಿಲಕದ್ದು. ಗಂಟೆಗೆ 260 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 325 ಕೆ.ಜಿ. ಉಬ್ಬಿದ ಗುಳ್ಳೆಯ ಮೇಲೆ ಗಾಳಿ ವೇಗ ಪಡೆದು ಕೆಳಗೆ ಒತ್ತುವ ಬದಲು ಮೇಲಕ್ಕೆ ಹೀರುತ್ತದೆ. ಆ ಹೀರುವಿಕೆಯನ್ನು ಸರಾಸರಿ ಅರ್ಧದಷ್ಟು ಎಂದು ಹಿಡಿದರೂ 0.8 ಚದರ ಮೀಟರ್ ಕ್ಯಾನೊಪಿಯ ಮೇಲೆ 130 ಕೆ.ಜಿ. ಬಲ ಬೀಳುತ್ತದೆ, ಕ್ವಿಂಟಲ್ ಜೋಳದ ಚೀಲಕ್ಕಿಂತ ಹೆಚ್ಚು. ಎಲ್ಲವೂ ಬಿಜಾಗರಿ ಮತ್ತು ಚಿಲಕಗಳ ಮೇಲೆ. ಸೀಟಿ ಹೊಡೆದಂಥ ಸದ್ದು ಬಂದರೆ ಎರಡು ಚಿಲಕಗಳ ನಡುವಿನ ಚೌಕಟ್ಟು ಮೇಲಕ್ಕೆ ಬಾಗಿ ಸಂದು ತೆರೆದಿದೆ ಎಂದರ್ಥ.

ಬಿಜಾಗರಿಯ ಎದುರು ಬದಿಗೆ ಕನಿಷ್ಠ ಮೂರು ಚಿಲಕ ಇರಲಿ, ಒಂದೇ ಹಿಡಿಯಿಂದ ಮೂರೂ ಚಲಿಸಲಿ. ಹಿಡಿ ಮುಚ್ಚಿದ ಮೇಲೆ ಮಧ್ಯಬಿಂದು ದಾಟಿ ಕೂರಬೇಕು. ಆಗ ಕ್ಯಾನೊಪಿ ಮೇಲೆ ಎಳೆದಷ್ಟೂ ಚಿಲಕ ಬಿಗಿಯಾಗುತ್ತದೆ. ಪ್ರತಿ ಚಿಲಕಕ್ಕೂ ಕೆಂಪು ಗೆರೆ ಹಾಕಿ, ಪೂರ್ತಿ ಕೂತಾಗ ಮಾತ್ರ ಗೆರೆ ಮರೆಯಾಗಲಿ. ಇವುಗಳ ಹೊರತಾಗಿ ಬೇರೆಯೇ ಒಂದು ಸುರಕ್ಷಾ ಕೊಂಡಿ ಬೇಕು. ಮುಖ್ಯ ಚಿಲಕ ಮರೆತರೂ ಕ್ಯಾನೊಪಿ ಎರಡು ಬೆರಳಿನಷ್ಟು ಮಾತ್ರ ತೆರೆದು ನಿಲ್ಲಬೇಕು. 1979ರಲ್ಲಿ ಮೊದಲು ಹಾರಿದ, ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝೀ ವಿಮಾನದ ಬದಿಗೆ ತೆರೆಯುವ ಕ್ಯಾನೊಪಿಗೆ ಇಂಥ ಕೊಂಡಿಯನ್ನು ಬೇರೆಯಾಗಿಯೇ ಕೊಡಲಾಗಿದೆ. ಚಿಲಕಕ್ಕೆ ಒಂದು ಮೈಕ್ರೊಸ್ವಿಚ್, ಥ್ರಾಟಲ್‌ಗೆ (ಎಂಜಿನ್ ಶಕ್ತಿ ಏರಿಸುವ ಹಿಡಿಗೆ) ಇನ್ನೊಂದು ಕೂರಿಸಿ. ಚಿಲಕ ತೆರೆದೇ ಇರುವಾಗ ಥ್ರಾಟಲ್ ಮುಂದೆ ತಳ್ಳಿದರೆ ಬಜರ್ ಕೂಗಲಿ.

ಇಷ್ಟಾಗಿಯೂ ತೆರೆದುಕೊಂಡರೆ ಪೈಲಟ್ ಮೊದಲು ವಿಮಾನ ಹಾರಿಸಬೇಕು. ಕೈ ಮೇಲೆತ್ತಿ ಕ್ಯಾನೊಪಿ ಎಳೆಯುವ ಗಡಿಬಿಡಿಯಲ್ಲಿ ವೇಗ ಮತ್ತು ಎತ್ತರದ ಮೇಲಿನ ಹಿಡಿತ ತಪ್ಪಿ ಆಗುವ ಅಪಾಯವೇ ದೊಡ್ಡದು. ಮೂಗು ಸಮ ಇಟ್ಟು, ವೇಗ ನಿಧಾನ ಇಳಿಸಿ, ಹತ್ತಿರದ ರನ್‌ವೇಗೆ ಹೋಗಿ. ಗಟ್ಟಿ ಮಾಡುವ ಭರದಲ್ಲಿ ಹೊರಬರುವ ದಾರಿ ಮುಚ್ಚಬೇಡಿ. ಹೊರಗಿನಿಂದಲೂ ಚಿಲಕ ತೆರೆಯುವಂತಿರಬೇಕು, ಅಕ್ರಿಲಿಕ್ ಒಡೆಯುವ ಮೊನೆಸುತ್ತಿಗೆ ಕೈಗೆಟುಕುವಲ್ಲಿ ಇರಬೇಕು.

ಪ್ರಶ್ನೆ: ಗಟ್ಟಿಯಾಯಿತೋ ಇಲ್ಲವೋ ಎಂದು ಹಾರುವ ಮುಂಚೆ ಪರೀಕ್ಷಿಸುವುದು ಹೇಗೆ?
— ಲಕ್ಷ್ಮೇಶ್ವರ, ಗದಗ ಜಿಲ್ಲೆ

ಉತ್ತರ: ಮೊದಲು ನಾಣ್ಯದ ಪರೀಕ್ಷೆ. ಒಂದು ರೂಪಾಯಿ ನಾಣ್ಯದಿಂದ ಹೊಸ ಪದರದ ಮೇಲೆ 20 ಮಿ.ಮೀ.ಗೊಮ್ಮೆ ತಟ್ಟುತ್ತಾ ಹೋಗಿ. ಹಿಡಿದಿರುವ ಕಡೆ ಟಣ್ ಎನ್ನುತ್ತದೆ, ಬಿಟ್ಟಿರುವ ಕಡೆ ಸದ್ದು ಮಂದ. ಮಂದ ಜಾಗ ಸಿಕ್ಕರೆ ಅಲ್ಲಿಯ ಪದರ ಕೆತ್ತಿ ತೆಗೆದು ಮತ್ತೆ ಹಚ್ಚಿ. ಚುಚ್ಚಿ ಎಪಾಕ್ಸಿ ತುಂಬುವುದು ಈ ಭಾಗದಲ್ಲಿ ನಂಬಿಕೆಗೆ ತಕ್ಕದ್ದಲ್ಲ.

ಎರಡನೆಯದು 2 ಕೆ.ಜಿ. ತೂಕದ ಮೂಲೆ ಪರೀಕ್ಷೆ, ಮೊದಲಿನ ಅಳತೆಯ ಜತೆ ಹೋಲಿಕೆ. ಇಳಿತ ಐದನೇ ಒಂದು ಭಾಗಕ್ಕೆ ಬರದಿದ್ದರೆ ಪೆಟ್ಟಿಗೆ ಎಲ್ಲೋ ತೆರೆದೇ ಇದೆ. ಸಾಮಾನ್ಯವಾಗಿ ಕಮಾನು ಮತ್ತು ಬದಿ ಸೇರುವ ಮೂಲೆಯಲ್ಲಿ.

ಮೂರನೆಯದು ಭಾರ. ಕಟ್ಟಿಗೆಯ ಹಂದರ ಮಾಡಿ ಕ್ಯಾನೊಪಿಯನ್ನು ಬೋರಲಾಗಿ, ಬಿಜಾಗರಿ ಮತ್ತು ಚಿಲಕದ ಬಿಂದುಗಳಲ್ಲಿ ಮಾತ್ರ ನಿಲ್ಲುವಂತೆ ಕೂರಿಸಿ. ಈಗ ಗುಳ್ಳೆ ಬಟ್ಟಲಿನಂತಿರುತ್ತದೆ. ಒಳಗೆ ದಪ್ಪ ಕೌದಿ ಹಾಸಿ, 5 ಕೆ.ಜಿ.ಯ ಮರಳಿನ ಪೊಟ್ಟಣಗಳನ್ನು ನಡುವಿನಿಂದ ಅಂಚಿಗೆ ಸಮನಾಗಿ ಹರಡಿ. ಮೇಲಿನ ಉದಾಹರಣೆಯ ಕ್ಯಾನೊಪಿಗಾದರೆ 26 ಪೊಟ್ಟಣ. ನಿಮ್ಮ ವಿಮಾನದ ಗರಿಷ್ಠ ವೇಗಕ್ಕೆ ನೀವೇ ಲೆಕ್ಕ ಹಾಕಿ, ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದು ನೆನಪಿರಲಿ. ಪ್ರತಿ ನಾಲ್ಕು ಪೊಟ್ಟಣಕ್ಕೊಮ್ಮೆ ನಿಂತು ಚಿಲಕಗಳ ನಡುವಿನ ಬಾಗು ಅಳೆಯಿರಿ. ಭಾರಕ್ಕೆ ತಕ್ಕಂತೆ ಬಾಗು ಸಮವಾಗಿ ಏರಬೇಕು. ಇದ್ದಕ್ಕಿದ್ದಂತೆ ಹೆಚ್ಚಿದರೆ, ಚಟಚಟ ಸದ್ದು ಕೇಳಿದರೆ ತಕ್ಷಣ ಇಳಿಸಿ. ಪೂರ್ತಿ ಭಾರ ತೆಗೆದ ಮೇಲೆ ಚೌಕಟ್ಟು ಮೊದಲಿನ ಜಾಗಕ್ಕೇ ಮರಳಬೇಕು. ವಿನ್ಯಾಸದಲ್ಲಿ ಇದರ ಒಂದೂವರೆ ಪಟ್ಟು ತಾಳುವ ಶಕ್ತಿ ಇರಬೇಕು. ಆದರೆ ಹಾರಬೇಕಾದ ಕ್ಯಾನೊಪಿಯ ಮೇಲೇ ಅಷ್ಟು ಹೇರಬೇಡಿ. ಅದೇ ಪದರಗಳಿಂದ ಅರ್ಧ ಮೀಟರ್ ಉದ್ದದ ಮಾದರಿ ಪೆಟ್ಟಿಗೆ ಮಾಡಿ, ಚಿಲಕದ ಬೋಲ್ಟ್ ಸಮೇತ ಮುರಿಯುವವರೆಗೂ ಅದರ ಮೇಲೆ ಹೇರಿ ನೋಡಿ.

ಪ್ರಶ್ನೆ: ಕ್ಯಾನೊಪಿ ಒರೆಸಲು ಯಾವ ಬಟ್ಟೆ, ಯಾವ ದ್ರವ?
— ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಧಾರಾಳ ನೀರು ಸುರಿದು ದೂಳು ಇಳಿಸಿ. ಆಮೇಲೆ ಮೃದು ಸೋಪಿನ ನೀರಿನಲ್ಲಿ ಬರಿಗೈಯಿಂದ ಉಜ್ಜಿ, ಉಸುಕಿನ ಕಣ ಇದ್ದರೆ ಕೈಗೆ ಗೊತ್ತಾಗುತ್ತದೆ. ಕೊನೆಗೆ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ಒಣ ಬಟ್ಟೆಯಿಂದ ಒರೆಸುವುದು, ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ. ಹೊದಿಕೆಗೆ ಬಿಳಿ ಹತ್ತಿ ಬಟ್ಟೆಯ ಅಸ್ತರಿ ಇರುವ ಕವರ್ ಹೊಲಿಸಿ. ನೀಲಿ ತಾಡಪತ್ರಿ ಗಾಳಿಗೆ ಬಡಿದು ಗೀರು ಹಾಕುತ್ತದೆ. ಬಿಸಿಲಲ್ಲಿ ಕ್ಯಾನೊಪಿಯನ್ನು ತೆರೆದಿಟ್ಟು ಹೋಗಬೇಡಿ. ಗುಳ್ಳೆಯ ಬಾಗು ಬಿಸಿಲನ್ನು ಒಂದೆಡೆ ಕೂಡಿಸಿ ಸೀಟಿನ ಬಟ್ಟೆಯನ್ನು ಸುಡಬಲ್ಲದು.